ಅವನು ಬೇಡವೆಂದ ಊಟ

"ಸಂಸ್ಕೃತಿ ಅನ್ನೋದು ಲೆಕ್ಕ ತಪ್ಪಿದವರು ಹೇಳೋ ನೆಪ, ಮೇಡಂ!"

ದೊಡ್ಡಬಳ್ಳಾಪುರದ ಕಾಲೇಜಿನ ಎಂಬಿಎ ತರಗತಿಯಲ್ಲಿ, ಅದೂ ನಮ್ಮ ವಿದ್ಯಾರ್ಥಿಗಳೆದುರೇ, ಅತಿಥಿಯಾಗಿ ಬಂದವನು ಹೀಗೆಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಅಂತರರಾಷ್ಟ್ರೀಯ ವ್ಯವಹಾರ ಕಲಿಸುವ ಪ್ರಮೋದಾಳಿಗೂ ಉರಿಯಿತು.

ಅವನು ಭೀಮರಾಜ್. ಹೊಸಕೋಟೆಯ ಹುಡುಗ. ದಾಬಸ್‌ಪೇಟೆಯ ಜರ್ಮನ್ ಕಂಪನಿಯೊಂದರಲ್ಲಿ ಬಟ್ಟೆ ಖರೀದಿಯ ಅಧಿಕಾರಿ.

"ಹಾಗಾದ್ರೆ ನಿಮ್ಮ ಕಂಪನಿ ಇಲ್ಲಿಗ್ ಯಾಕ್ ಬಂತು ಸರ್?"

"ಖರ್ಚು ಕಮ್ಮಿ. ಕಾನೂನು ಒಪ್ತು. ಅಷ್ಟೇ!"

"ರಾಹುಕಾಲದಲ್ಲಿ ಬಂದು ಒಪ್ಪಂದಕ್ಕೆ ಸಹಿ ಹಾಕಿ ಅಂತ ಕರೆದ್ರಲ್ಲ... ಎಷ್ಟ್ ಜನ ನೇಕಾರರು ಬಂದ್ರು?"

"ಒಬ್ರೂ ಬರ್ಲಿಲ್ಲ. ನಿಮಗ್ ಹೇಗ್ ಗೊತ್ತು?"

"ಬರದೇ ಇದ್ದವರಲ್ಲಿ ನಮ್ಮಪ್ಪನೂ ಒಬ್ರು!"

ತರಗತಿ ಗೊಳ್ಳೆಂದು ನಕ್ಕಿತು. ಸೋತವನೂ ನಕ್ಕ. ಆ ನಗುವೇ ಅವಳಿಗೆ ಮುಳುವಾಯಿತು ನೋಡಿ!

ಆಮೇಲೆ ಇಬ್ಬರೂ ಜಗಳಕ್ಕೆಂದೇ ಭೇಟಿಯಾಗತೊಡಗಿದರು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಅವನು ಲಾಭ ಅನ್ನುತ್ತಿದ್ದ, ಇವಳು ನಂಬಿಕೆ ಅನ್ನುತ್ತಿದ್ದಳು. ಕಾಫಿ ಆರಿ ತಣ್ಣಗಾಗುತ್ತಿತ್ತು.

ಒಂದು ಸಂಜೆ ಅವನು ಇದ್ದಕ್ಕಿದ್ದಂತೆ ಹೇಳಿಬಿಟ್ಟ. "ನಿಮ್ಮಪ್ಪನ ಹತ್ರ ಮಾತಾಡ್ಬೇಕು ಅಂತಿದ್ದೀನಿ. ನಮ್ಮಿಬ್ರ ವಿಷಯ. ಸ್ವಲ್ಪ ಟೈಮ್ ಕೊಡ್ತೀರಾ?"

ಪ್ರಮೋದಾ ಟೈಮ್ ಕೊಟ್ಟಳು. ಆದರೆ ಅಮ್ಮನಿಗೆ ವಿಷಯ ಹೇಳದೇ ಇರಲಾಗಲಿಲ್ಲ. ಎಡವಟ್ಟಾದದ್ದೇ ಅಲ್ಲಿ!

ಮುಂದಿನ ವಾರ ಭೀಮರಾಜ್ ಜರ್ಮನ್ ಅಧಿಕಾರಿಯ ಜೊತೆ ಅವರ ಮನೆಗೇ ಬರುವವನಿದ್ದ. ಅಪ್ಪ ವೆಂಕಟರಮಣಪ್ಪನವರ ಪವರ್‌ಲೂಮ್‌ಗಳನ್ನು ನೋಡಿ, ಬಟ್ಟೆಯ ಆರ್ಡರ್ ಕೊಡಬಹುದೇ ಎಂದು ತೀರ್ಮಾನಿಸುವುದಕ್ಕೆ.

"ಮಗ್ಗ ನೋಡೋದೆಲ್ಲಾ ನೆಪ ಕಣೇ. ನಿನ್ನ ಕೇಳೋಕೇ ಬರ್ತಿರೋದು!" ಎಂದು ಅಮ್ಮ ಮುನಿವೆಂಕಟಮ್ಮ ಒಬ್ಬಟ್ಟಿಗೆ ಬೇಳೆ ಬೇಯಿಸಿದರು.

ಅವರ ಕಡೆಯ ಪದ್ಧತಿ ಒಂದಿತ್ತು. ಹೆಣ್ಣು ನೋಡಲು ಬಂದವರು ಒಪ್ಪಿಗೆಯಾಗುವ ತನಕ ಕಾಫಿ ತಿಂಡಿಯಷ್ಟೇ ಮುಟ್ಟುವುದು. ಹುಡುಗ ಊಟದ ಎಲೆಯ ಮುಂದೆ ಕೂತನೆಂದರೆ ಹುಡುಗಿಯನ್ನು ಒಪ್ಪಿದನೆಂದೇ ಅರ್ಥ. ಅದು ಹೊಸಕೋಟೆಯವನಿಗೂ ಗೊತ್ತಿತ್ತು.

ಮಗ್ಗ ನೋಡಿ ಮುಗಿಯಿತು. ಜರ್ಮನ್ ಅಧಿಕಾರಿ ಫೋನ್ ಹಿಡಿದು ಕಾರಿನ ಕಡೆ ನಡೆದ. ಅಮ್ಮ ಬಾಳೆ ಎಲೆ ಹಾಸಿದರು. "ಏಳಪ್ಪಾ, ಕೈ ತೊಳ್ಕೊ."

ಭೀಮರಾಜ್ ಎಲೆಯನ್ನು ನೋಡಿದ. ಬಾಗಿಲ ಬಳಿ ನಿಂತಿದ್ದ ಪ್ರಮೋದಾಳನ್ನೂ ನೋಡಿದ. ಎದ್ದು ಎರಡು ಹೆಜ್ಜೆ ಹಿಂದೆ ಸರಿದ.

"ಬೇಡಮ್ಮಾ... ಕಂಪನಿ ನಿಯಮ. ತಪ್ಪು ತಿಳ್ಕೊಬೇಡಿ."

ಕಾಫಿಯನ್ನೂ ಮುಟ್ಟದೆ ಹೊರಟುಹೋದ!

ಅಮ್ಮ ಎಲೆ ಮಡಚಿದರು. ಅಪ್ಪ ಮಗ್ಗದ ಮನೆಗೆ ನಡೆದರು. 'ನಿಯಮವಂತೆ! ನಮ್ಮ ಮನೆ ಊಟ ಅವನಿಗೆ ಆಗೋದಿಲ್ವಾ? ಅಥವಾ ನಾನೇ ಆಗೋದಿಲ್ವಾ?'

ಅವನು ಫೋನ್ ಮಾಡಿದ. ಎತ್ತಲಿಲ್ಲ. ಫೋನ್ ಬರುವುದು ನಿಂತಾಗ ಇನ್ನೂ ಸಂಕಟವಾಯಿತು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಹುಟ್ಟಿದಾಗಿನಿಂದ ಕೇಳಿದ್ದ ಮಗ್ಗದ ಸದ್ದು ಈಗ ತಲೆಯೊಳಗೇ ಬಡಿಯುತ್ತಿತ್ತು. ಅನ್ನ ಸೇರಲಿಲ್ಲ.

ಹೀಗಿರುವಾಗ ಒಂದು ದಿನ ಪಾಠ ಮಾಡುತ್ತಿದ್ದಳು.

"ಖರ್ಚು ಕಮ್ಮಿ ಇರೋ ಕಡೆ ಕಂಪನಿ ಹೋಗುತ್ತೆ ಅನ್ನುತ್ತೆ ಅರ್ಥಶಾಸ್ತ್ರದ ಸಿದ್ಧಾಂತ. ಇಲ್ಲ, ಆಯಾ ದೇಶದ ಕಾನೂನು, ನಿಯಮಗಳೇ ಅದನ್ನ ನಡೆಸೋದು ಅನ್ನುತ್ತೆ ಸಾಂಸ್ಥಿಕ ಸಿದ್ಧಾಂತ. ಸಂಸ್ಕೃತಿ ಇವೆರಡಕ್ಕೂ ಎದುರಾಳಿ ಅಲ್ಲ. ಯಾವುದು ಲಾಭ, ಯಾವ ನಿಯಮಕ್ಕೆ ಎಷ್ಟು ಬೆಲೆ ಅಂತ ಕಲಿಸೋದೇ ಅದು. ನಮ್ಮಲ್ಲಿ ಊಟ ಹಾಕೋದು ಮರ್ಯಾದೆ. ಅವರಲ್ಲಿ... ಮಾರೋರ ಮನೇಲಿ ಕೊಳ್ಳೋರು ಊಟ ಮಾಡದೇ ಇರೋದೇ..."

ಮಾತು ನಿಂತುಹೋಯಿತು.

"...ಮರ್ಯಾದೆ," ಎಂದು ಮುಂದಿನ ಬೆಂಚಿನ ಚಂದನ ಮುಗಿಸಿದಳು.

ಅಯ್ಯೋ ದೇವರೇ! ಊರಿಗೆಲ್ಲಾ ಪಾಠ ಹೇಳಿದೆ, ನನಗೇ ಬರಲಿಲ್ಲವಲ್ಲ! ಅವನು ಬೇಡವೆಂದದ್ದು ನನ್ನನ್ನಲ್ಲ!

ಗಂಟೆ ಹೊಡೆದದ್ದೇ ತಡ, ದಾಬಸ್‌ಪೇಟೆಯ ಬಸ್ ಹತ್ತಿದಳು. ಕೂರಲು ಸೀಟಿದ್ದರೂ ಬಾಗಿಲ ಹತ್ತಿರವೇ ನಿಂತಳು.

ಕಂಪನಿಯ ಗೇಟಿನಲ್ಲಿ ಕಾವಲಿನವರು ಹೇಳಿದರು. "ಭೀಮರಾಜ್ ಸಾರಾ? ಖರೀದಿಲಿ ಇಲ್ವಲ್ಲಮ್ಮಾ. ಬೇರೆ ಕಡೆ ಹಾಕ್ಸ್ಕೊಂಡ್ರು. ಇವತ್ತು ರಜಾ."

ಬೇರೆ ಕಡೆ! ನನ್ನಿಂದ ದೂರ ಹೋಗೋಕಾ? ವಾಪಸ್ ಬರುವ ದಾರಿಯುದ್ದಕ್ಕೂ ಫೋನ್ ಮಾಡಿದಳು. ಈಗ ಎತ್ತದೇ ಇದ್ದವನು ಅವನು.

ಮನೆಯ ಮುಂದೆ ಅವನ ಬೈಕ್ ನಿಂತಿತ್ತು!

ಭೀಮರಾಜ್ ಜಗಲಿಯ ಮೇಲೆ ಕೂತಿದ್ದ. ಎದುರಿಗೆ ಗಂಟುಮುಖ ಹಾಕಿಕೊಂಡು ಅಪ್ಪ. ಅಮ್ಮ ಹೊಸಲಿನಾಚೆಗೆ ಬಂದಿರಲೇ ಇಲ್ಲ.

"ಆರ್ಡರ್ ವಿಷಯ ಹೇಳೋಕ್ ಬಂದ್ಯೇನಪ್ಪಾ?" ಎಂದರು ಅಪ್ಪ.

"ಅದು ನಂಗ್ ಗೊತ್ತಿಲ್ಲ ಸರ್. ಸಿಗಬಹುದು, ಸಿಗದೇ ಇರಬಹುದು. ಅದಿನ್ನು ನನ್ ಕೈಲಿಲ್ಲ. ಅದಕ್ಕೇ ಬಂದೆ."

"ಅಂದ್ರೆ?"

"ಈ ಮನೆ ಹುಡುಗೀನ ಮದ್ವೆ ಆಗ್ಬೇಕು ಅಂತಿದ್ದೀನಿ, ಇವರ ಬಟ್ಟೆ ಬಗ್ಗೆ ನಾನು ತೀರ್ಮಾನ ಮಾಡ್ಬಾರ್ದು ಅಂತ ಕಂಪನೀಲಿ ಹೇಳ್ದೆ. ಆ ಕೆಲಸ ಬಿಟ್ಟುಕೊಟ್ಟೆ." ಅವನು ಹೊಸಲಿನ ಕಡೆ ನೋಡಿದ. "ಅವತ್ತು ಎಲೆ ನೋಡಿದ ತಕ್ಷಣ ಗೊತ್ತಾಯ್ತಮ್ಮಾ ಅದರ ಅರ್ಥ. ಕೂರ್ಬೇಕು ಅಂತ ಎಷ್ಟ್ ಆಸೆ ಆಯ್ತು! ಆದ್ರೆ ಆರ್ಡರ್ ಕೊಡೋನಾಗಿ ಈ ಮನೇಲಿ ಉಣ್ಣೋಕೆ ಮನಸ್ಸು ಬರ್ಲಿಲ್ಲ. ಅಳಿಯನಾಗಿ ಉಣ್ಬೇಕು ಅನ್ನಿಸ್ತು."

ಅಪ್ಪನ ಗಂಟುಮುಖ ಸಡಿಲಿತು.

ಬೀದಿಯಲ್ಲೇ ನಿಂತಿದ್ದ ಪ್ರಮೋದಾಳನ್ನು ಭೀಮರಾಜ್ ಆಗ ಕಂಡ. ಎದ್ದು ನಿಂತು, ಹೊಸಲಿನೊಳಗಿದ್ದ ಅಮ್ಮನ ಕಡೆ ತಿರುಗಿ, ಮೆಲ್ಲಗೆ ಕೇಳಿದ.

"ಅಮ್ಮಾ... ಊಟ ಇದ್ಯಾ?"

"ಒಬ್ಬಟ್ಟಿಲ್ಲ," ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಮುದ್ದೆ, ಸೊಪ್ಪಿನ ಸಾರು ಅಷ್ಟೇ."

"ಹೋಗಿ ಕೈ ತೊಳ್ಕೊಳಪ್ಪಾ, ಮುದ್ದೆ ಆರ್ಹೋಗುತ್ತೆ," ಎಂದರು ಅಪ್ಪ.

ಬಡಿಸಿದವಳು ಪ್ರಮೋದಾ. ಸಾರು ತುಳುಕಿತು.

"ಅವತ್ತೇ ಬಿಡಿಸಿ ಹೇಳ್ಬಾರ್ದಿತ್ತಾ?" ಪಿಸುಗುಟ್ಟಿದಳು.

"ನೀವು ಫೋನ್ ಎತ್ಬಾರ್ದಿತ್ತಾ, ಮೇಡಂ?"

"ಇನ್ನೂ ಮೇಡಮ್ಮಾ?"

ಅವನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ಆಮೇಲೆ ತಲೆಯೆತ್ತಿ ಅವಳ ಒದ್ದೆ ಕಣ್ಣುಗಳನ್ನು ನೋಡಿದ.

"ಇನ್ನೊಂದು ಹಾಕು, ಪ್ರಮೋದಾ."