‘ಐದನೇ ಜ್ವರ’ದ ಓದುಗ

"ಈ ಮಲ್ಲಿಗೆ ಹೂವಿಗೆ ಮಾತ್ರ ಕತ್ತರಿ ಹಾಕ್ಬೇಕಿತ್ತು ಕಣ್ರಪ್ಪಾ!"

ತಿರುಮಲೇಶ ಹೀಗೆಂದು ಪತ್ರಿಕೆಯನ್ನು ಎತ್ತಿ ಹಿಡಿದಾಗ ಶಿಡ್ಲಘಟ್ಟದ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಗದೆ ಉಳಿದವಳು ಒಬ್ಬಳೇ. ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕದಲ್ಲಿ, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದ, ಡಿಗ್ರಿ ಮುಗಿಸಿ ಅಲ್ಲಿಗೆ ಅವತ್ತೇ ಮೊದಲ ಸಲ ಬಂದಿದ್ದ ರಾಧಾಮಣಿ.

ಭಾನುವಾರ ಬೆಳಗ್ಗೆ ಅಲ್ಲಿ ಓದುಗರ ಕೂಟ. ಹೈಸ್ಕೂಲು, ಪಿಯುಸಿ ಓದುವ ಹುಡುಗ ಹುಡುಗಿಯರು ತಾವು ಓದಿದ್ದರ ಬಗ್ಗೆ ಮನಸ್ಸಿಗೆ ಬಂದದ್ದನ್ನು ಹೇಳಬಹುದು. ಕೂಟ ನಡೆಸುವವನು ತಿರುಮಲೇಶ. ಅವನ ಮನೆಯವರದು ರೇಷ್ಮೆ ನೂಲು ತೆಗೆಯುವ ಫಿಲೇಚರ್. ವಾರವಿಡೀ ಅಪ್ಪನ ಜೊತೆ ಗೂಡಿನ ಮಾರುಕಟ್ಟೆ, ಕುದಿಯುವ ನೀರು, ಹಬೆ. ಭಾನುವಾರ ಮಾತ್ರ ಇಸ್ತ್ರಿ ಮಾಡಿದ ಶರಟು ಮತ್ತು ಕಥೆ.

ಕೆಲವು ತಿಂಗಳಿಂದ ಕೂಟಕ್ಕೆ ಹುಚ್ಚು ಹಿಡಿಸಿದ್ದು ಚಿಕ್ಕಬಳ್ಳಾಪುರದಿಂದ ಬರುವ ‘ಬೆಟ್ಟದ ಸುದ್ದಿ’ ವಾರಪತ್ರಿಕೆಯ ಧಾರಾವಾಹಿ ‘ಐದನೇ ಜ್ವರ’. ರೇಷ್ಮೆ ಹುಳು ಪೊರೆ ಕಳಚುವ ಮುನ್ನ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಮಲಗುತ್ತದಲ್ಲ, ಅದಕ್ಕೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು ಒಂದು ವಾರ ಮೇಯ್ದರೆ ಹುಳು ಹಣ್ಣಾಯಿತು, ಗೂಡು ಕಟ್ಟಿತು. ಕಥೆಯೊಳಗೆ, ಯಾವುದೋ ಪ್ರಯೋಗಾಲಯದಿಂದ ಬಂದ ಹೊಸ ತಳಿಯ ಹುಳುಗಳು ಐದನೇ ಜ್ವರಕ್ಕೆ ಮಲಗುತ್ತವೆ. ಎದ್ದ ಮೇಲೆ ತಮ್ಮ ಸುತ್ತ ಗೂಡು ಕಟ್ಟುವುದಿಲ್ಲ, ನಿದ್ದೆ ಹೋದ ಮನುಷ್ಯರ ಸುತ್ತ ಕಟ್ಟುತ್ತವೆ. ಆ ಗೂಡಿನಿಂದ ಏನು ಹೊರಬರುತ್ತದೆ? ಕಥೆ ಅದನ್ನಿನ್ನೂ ಹೇಳಿರಲಿಲ್ಲ.

"ನಂಗೆ ಮೈಯೆಲ್ಲ ಜುಂ ಅಂತು ಸಾರ್."

"ಸೈನ್ಸ್ ಕಮ್ಮಿ, ದೆವ್ವ ಜಾಸ್ತಿ ಆಯ್ತು ಸಾರ್."

"ನಿಂಗೆ ಸೈನ್ಸಲ್ಲಿ ಎಷ್ಟು ಬಂದಿತ್ತೋ, ಸುಮ್ನೆ ಕೂತ್ಕೊಳೋ!"

ತಿರುಮಲೇಶ ನಗುತ್ತ ಕೈಯೆತ್ತಿದ. "ಕಥೆ ಚೆನ್ನಾಗಿದೆ, ನಾನೂ ಒಪ್ಕೊತೀನಿ. ಆದ್ರೆ ಭಯದ ಮಧ್ಯೆ ಆ ಹುಡುಗಿ ಮಲ್ಲಿಗೆ ಮುಡ್ಕೊಂಡ್ಲು, ಮಲ್ಲಿಗೆ ಘಮ್ಮಂತು, ಹುಳು ಮನೆಗೆ ಹೋದ್ರೂ ಮಲ್ಲಿಗೆ! ಬರೆದಿರೋ ಆವಲಪ್ಪನೋರು ರಿಟೈರಾದ ಮೇಷ್ಟ್ರು ಇರ್ಬೇಕು. ವಯಸ್ಸಾದ್ರೂ ಹೂವಿನ ಆಸೆ ಹೋಗಿಲ್ಲ."

ಮತ್ತೆ ನಗು. ರಾಧಾಮಣಿಯ ಕಿವಿ ಕೆಂಪಾಯಿತು.

ಆವಲಪ್ಪ ಅವಳ ಅಪ್ಪ. ಬರೆಯುತ್ತಿದ್ದವಳು ಅವಳು. ಭಯದ ಕಥೆಯ ಕೆಳಗೆ ಹುಡುಗಿಯ ಹೆಸರಿದ್ದರೆ ಯಾರು ತಾನೇ ಹೆದರಿಯಾರು ಎಂದು ಅವಳಿಗೇ ಅನ್ನಿಸಿ, ಅಪ್ಪನ ಹೆಸರು ಹಾಕಿ ಕಳಿಸಿದ್ದಳು. ಈಗ ಮಲ್ಲಿಗೆಯ ಪರವಾಗಿ ಒಂದು ಮಾತು ಆಡುವಂತಿಲ್ಲ. ಇಡೀ ಕಥೆಯ ಬೀಗದಕೈ ಆ ಮಲ್ಲಿಗೆಯಲ್ಲೇ ಇತ್ತು; ಬಾಯಿಬಿಟ್ಟರೆ ಮುಂದಿನ ಕಂತು ಅಲ್ಲೇ ಸತ್ತಿತು.

ಆದರೂ ಕೂಟ ಮುಗಿದ ಮೇಲೆ ಕಾಲು ಬಸ್‌ಸ್ಟ್ಯಾಂಡಿನ ಕಡೆ ಹೊರಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದವನ ಎದುರು ಹೋಗಿ ನಿಂತಳು.

"ನೀವು ಕಥೆ ಸರಿಯಾಗಿ ಓದಿಲ್ಲ."

ಅವನು ತಲೆಯೆತ್ತಿದ. ಕೋಪ ತುಂಬಿದ ಕಣ್ಣು, ಕೋಪಕ್ಕೆ ಹೊಂದದ ಸಣ್ಣ ಮೂಗುಬೊಟ್ಟು. ಒಂದು ಕ್ಷಣ ಅವನಿಗೆ ಚಪ್ಪಲಿ ಮರೆತುಹೋಯಿತು.

"ಎರಡು ಸಲ ಓದಿದೀನಿ ಕಣ್ರೀ."

"ಮೂರನೇ ಸಲ ಓದಿ."

"ಅಬ್ಬಾ! ನೀವು ಆವಲಪ್ಪನೋರ ಕಡೆಯೋರಾ?"

"ಮಗಳು."

ಅವನು ನಾಲಿಗೆ ಕಚ್ಚಿಕೊಂಡ. "ಸಾರಿ ರೀ. ಹೂವಿನ ಮಾತು ನಿಮ್ಮ ತಂದೆಯವರಿಗೆ ಹೇಳ್ಬೇಡಿ. ಇನ್ನೊಂದು ಹೇಳಿ. ಆ ಗೂಡು ಒಳಗಿಂದ ಉಸಿರಾಡೋ ಜಾಗ ಇದ್ಯಲ್ಲ, ಅದನ್ನ ಓದಿದ ಮೇಲೆ ನಾನು ನಮ್ಮ ಫಿಲೇಚರ್ ಗೋಡೌನಿಗೆ ಒಬ್ನೇ ಹೋಗ್ತಿಲ್ಲ. ಅಪ್ಪ ಬೈದ್ರೂ ಹೋಗ್ತಿಲ್ಲ."

ಕೋಪವನ್ನು ಹಿಡಿದಿಟ್ಟುಕೊಳ್ಳಲು ರಾಧಾಮಣಿ ತುಂಬ ಕಷ್ಟಪಟ್ಟಳು. ತುಟಿ ಮಾತ್ರ ಮಾತು ಕೇಳಲಿಲ್ಲ. "ಹೇಳ್ತೀನಿ," ಎಂದು ತಿರುಗಿ ನಡೆದುಬಿಟ್ಟಳು. ತನ್ನೂರು ಜಂಗಮಕೋಟೆಯ ತನಕ ಬಸ್ಸಿನ ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಓಡುತ್ತಿದ್ದವು. ಅವಳಿಗೆ ಕಂಡಿದ್ದು ಗೋಡೌನಿನ ಬಾಗಿಲಲ್ಲಿ ಹಿಂಜರಿದು ನಿಂತ ಒಬ್ಬ ಎತ್ತರದ ಹುಡುಗ.

ಮನೆಯಲ್ಲಿ ಅಪ್ಪ ಮೊಬೈಲನ್ನು ಬಿಸಿ ಪಾತ್ರೆಯಂತೆ ಹಿಡಿದುಕೊಂಡು ಕಾಯುತ್ತಿದ್ದರು.

"ನಿನ್ನ ಸಂಪಾದಕರು ನರಸಿಂಹಪ್ಪ ಫೋನ್ ಮಾಡಿದ್ರು ಕಣಮ್ಮ. ನನ್ನ ಮೇಷ್ಟ್ರೇ ಅಂತಾರೆ! ಏಳನೇ ಕ್ಲಾಸು ಫೇಲಾದೋನು ನಾನು. ಹೂಂ ಹೂಂ ಅಂದೆ."

"ಏನಂತೆ ಅಪ್ಪಾ?"

ಅಪ್ಪನ ನಗು ಇಳಿಯಿತು. "ಮಕ್ಕಳು ಹೆದರ್ಕೊತವೆ ಅಂತ ಅಮ್ಮಂದಿರು ಜಗಳಕ್ಕೆ ಬರ್ತಿದಾರಂತೆ. ಮುಂದಿನ ಕಂತಲ್ಲಿ ಎಲ್ಲಾ ಕನಸು ಅಂತ ಮುಗಿಸಿಬಿಡಿ ಅಂದ್ರು. ಬರೋ ಭಾನುವಾರ ಅವರೇ ಶಿಡ್ಲಘಟ್ಟದ ಕೂಟಕ್ಕೆ ಬರ್ತಾರಂತೆ. ಓದೋರ ಅಭಿಪ್ರಾಯ ಕೇಳಿ ಕೊನೇ ಮಾತು ಹೇಳ್ತಾರಂತೆ."

ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಆದಿಲಕ್ಷ್ಮಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಕನಸಾ? ಏಮೇ ರಾಧಾ, ನಿಂಗೆ ಅಷ್ಟೊಂದು ಕಥೆ ಹೇಳಿದೀನಿ, ಒಂದನ್ನಾದ್ರೂ ಕನಸು ಅಂತ ಏಮಾರ್ಸಿದೀನಾ? ರಾಕ್ಷಸನ್ನ ಕರ್ಕೊಂಡು ಬಂದ್ಮೇಲೆ ಅವನ್ನ ಕೊಲ್ಲಬೇಕು, ಇಲ್ಲ ಅವನ ಕೈಲಿ ತಿನ್ನಿಸ್ಕೋಬೇಕು. ಎದ್ದು ಮುಖ ತೊಳ್ಕೊಂಡ್ಬಿಟ್ರೆ ಆಯ್ತಾ?"

ರಾಧಾಮಣಿ ನಕ್ಕಳು. ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ, ಹೆದರುತ್ತ, ಆಮೇಲೆ ಏನಾಯ್ತಜ್ಜಿ ಎಂದು ಕೇಳಿ ಕೇಳಿ ಬೆಳೆದವಳು ಅವಳು. ಈ ಕಥೆ ಅವಳ ಮೊದಲ ರಾಕ್ಷಸ. ಅವನನ್ನು ಕನಸಿನ ಚರಂಡಿಗೆ ಸುರಿಯುವುದಕ್ಕಿಂತ ಇನ್ನೆಂದೂ ಪೆನ್ನು ಮುಟ್ಟದಿರುವುದೇ ವಾಸಿ.

ಗುರುವಾರ ಮಧ್ಯಾಹ್ನ ಮನೆ ಮುಂದೆ ಬೈಕು ನಿಂತ ಸದ್ದಾಯಿತು. ಅಪ್ಪ ತೋಟದಲ್ಲಿದ್ದರು. ಹುಳು ಮನೆಯೊಳಗೆ ನಾಲ್ಕನೇ ಜ್ವರ ಎದ್ದ ಹುಳುಗಳು ತಟ್ಟೆ ತಟ್ಟೆಯಲ್ಲೂ ಚರಚರನೆ ಸೊಪ್ಪು ಮೇಯುತ್ತಿದ್ದವು. ಹೆಂಚಿನ ಮೇಲೆ ಸೋನೆ ಹಿಡಿದಂಥ ಸದ್ದು. ಕೈತುಂಬ ಸೊಪ್ಪು ಹಿಡಿದು ನಿಂತಿದ್ದ ರಾಧಾಮಣಿ ತಿರುಗಿ ನೋಡಿದರೆ, ಬಾಗಿಲಲ್ಲಿ ತಿರುಮಲೇಶ!

"ಆವಲಪ್ಪ ಮೇಷ್ಟ್ರು ಇದಾರಾ? ಸಂಪಾದಕರು ಫೋನ್ ಮಾಡಿ ಎಲ್ಲಾ ಹೇಳಿದ್ರು, ವಿಳಾಸಾನೂ ಅವರೇ ಕೊಟ್ರು. ಕನಸು ಅಂತ ಮಾತ್ರ ಮುಗಿಸ್ಬೇಡಿ ಅಂತ ಕೇಳ್ಕೊಳೋಕೆ..." ಎನ್ನುತ್ತ ಅವನು ಹೊಸ್ತಿಲು ದಾಟಲು ಕಾಲೆತ್ತಿದ.

"ನಿಲ್ಲಯ್ಯಾ ಅಲ್ಲೇ!" ಅಜ್ಜಿಯ ಕೂಗಿಗೆ ಅವನ ಕಾಲು ಗಾಳಿಯಲ್ಲೇ ನಿಂತಿತು. "ಯಾರಪ್ಪ ನೀನು? ಮೈಗೆ ಸೆಂಟು ಬಳ್ಕೊಂಡು ಹುಳು ಮನೆಗೆ ನುಗ್ತೀಯಲ್ಲಾ! ಘಾಟು ಬಡಿದ್ರೆ ಹುಳು ಮೇವು ಬಿಡ್ತವೆ. ಸೆಂಟೂ ಆಗಲ್ಲ, ಒಗ್ಗರಣೆನೂ ಆಗಲ್ಲ. ಹೂ ಮುಡ್ಕೊಂಡು ಬಂದ್ರೆ ನನ್ನ ಮೊಮ್ಮಗಳ ಬೆನ್ನೂ ಮುರೀತೀನಿ!"

"ಅಜ್ಜೀ, ತಪ್ಪಾಯ್ತು. ನಮ್ಮದು ನೂಲು ತೆಗೆಯೋ ಮನೆ. ಗೂಡು ಬಂದ್ಮೇಲಿನದು ಗೊತ್ತೇ ಹೊರತು ಹುಳ ಸಾಕಿದ್ದಿಲ್ಲ. ನಮ್ಮಲ್ಲಿ ಗೂಡು ಬೇಯೋ ವಾಸನೆ ತಡೆಯಕ್ಕೆ ಹೆಂಗಸ್ರೆಲ್ಲ ದಿನಾ ಮಲ್ಲಿಗೆ ಮುಡ್ಕೊಂಡೇ..."

ಅವನ ಮಾತು ಅಲ್ಲಿಗೇ ನಿಂತಿತು.

ರಾಧಾಮಣಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಕಥೇಲಿ," ಎಂದ ಅವನು ಮೆಲ್ಲಗೆ, "ಆ ಹುಡುಗಿ ಮಲ್ಲಿಗೆ ಮುಡ್ಕೊಂಡು ಹುಳು ಮನೆಗೆ ಹೋಗ್ತಾಳೆ."

"ಹೂಂ."

"ಅವಳಮ್ಮ ಅಲ್ಲೇ ಸೊಪ್ಪು ಹಾಕ್ತಿರ್ತಾಳೆ."

"ಹೂಂ."

"ಹೂವಿನ ವಾಸನೆ ಚೆನ್ನಾಗಿದೆ ಮಗಳೇ ಅಂತಾಳೆ. ನಗ್ತಾಳೆ." ಅವನು ಒಂದು ಹೆಜ್ಜೆ ಹಿಂದೆ ಸರಿದ. "ಬೈಯಲ್ಲ."

ಚರಚರ ಸದ್ದು ಸುತ್ತ ಹಬ್ಬಿತ್ತು. ಅವನು ತಟ್ಟೆಗಳನ್ನು ನೋಡಿದ. ಅವನ ಮುಂಗೈಯ ರೋಮ ಒಂದೊಂದಾಗಿ ಎದ್ದು ನಿಂತದ್ದು ಹಾಡುಹಗಲಿನ ಬೆಳಕಿನಲ್ಲಿ ಅವಳಿಗೆ ಕಂಡಿತು.

"ಅದು ಅವಳಮ್ಮ ಅಲ್ಲ ಕಣ್ರೀ!"

ಅಷ್ಟು ದಿನ ಕಾಗದದ ಮೇಲೆ ಕೂತು ಊಹಿಸಿದ್ದೆಲ್ಲ ಈಗ ಕಣ್ಣೆದುರು ನಡೆಯುತ್ತಿತ್ತು. ತಾನು ಹೂತಿಟ್ಟ ಭಯ ಒಬ್ಬ ಮನುಷ್ಯನ ಮುಖದಲ್ಲಿ ಹೀಗೆ ಮೊಳಕೆಯೊಡೆಯುವುದನ್ನು ನೋಡುವ ಭಾಗ್ಯ ಎಷ್ಟು ಜನಕ್ಕಿದೆ? ಸ್ಕಂದಗಿರಿಯ ತುದಿಯಲ್ಲಿ, ಕಾಲಕೆಳಗೆ ಮೋಡ ಹರಡಿಕೊಂಡು ನಿಂತಂತೆ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ತಿರುಮಲೇಶ ಆ ಮುಖವನ್ನು ನೋಡಿದ. ನೋಡುತ್ತಲೇ ಇದ್ದ.

"ಬರೆಯೋದು ನಿಮ್ಮಪ್ಪ ಅಲ್ಲ. ನೀವು."

"ಹೆಂಗೆ ಹೇಳ್ತೀರಿ?"

"ನಾನು ಹೆದರಿ ಸಾಯ್ತಿದ್ರೆ ನಿಮ್ಮ ಮುಖದಲ್ಲಿ ದೀಪಾವಳಿ ನಡೀತಿದೆ!"

ಅವಳು ಸೊಪ್ಪಿನ ಹಿಂದೆ ಮುಖ ಮರೆಸಿಕೊಂಡಳು. ಸಂದಿನಲ್ಲಿ ಒಂದು ಕಣ್ಣು ಮಾತ್ರ ಉಳಿಯಿತು, ಆ ಒಂದೇ ಕಣ್ಣು ಅವನನ್ನು ಬಾಗಿಲಿಗೆ ಮೊಳೆ ಹೊಡೆದಂತೆ ನಿಲ್ಲಿಸಿತು.

"ಭಾನುವಾರ ನಾನೇ ಎದ್ದು ಹೇಳ್ತೀನಿ," ಎಂದ. "ಮಲ್ಲಿಗೆ ವಿಷಯದಲ್ಲಿ ನಾನು ದಡ್ಡ, ಬರೆದೋರು ಜಾಣೆ ಅಂತ ಎಲ್ಲರ ಮುಂದೆ..."

"ಬೇಡ." ಸೊಪ್ಪು ಕೆಳಗಿಳಿಯಿತು. "ನನ್ನ ಕಥೆಗೆ ನಾನೇ ನಿಂತ್ಕೋಬೇಕು. ನೀವು ಬರೀ ಓದುಗರಾಗಿರಿ."

"ಬರೀ ಓದುಗ?"

"ಸದ್ಯಕ್ಕೆ," ಎಂದಳು. ಆ ಮಾತು ಬಾಯಿಂದ ಹೇಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ.

ಅಜ್ಜಿ ಒಳಗಿನಿಂದ ಜೋರಾಗಿ ಕೆಮ್ಮಿದಳು.

ಭಾನುವಾರ ಗ್ರಂಥಾಲಯದ ಕೋಣೆ ತುಂಬಿ ವರಾಂಡದವರೆಗೂ ಜನ. ದಪ್ಪ ಕನ್ನಡಕದ ನರಸಿಂಹಪ್ಪನವರು ಮೇಜಿನ ಹಿಂದೆ ಕೂತಿದ್ದರು. ಮೊದಲು ಎದ್ದವರು ಪೇಟೆಯ ಶ್ಯಾಮಲಮ್ಮ.

"ನನ್ನ ಮಗಳು ಲೈಟ್ ಆರಿಸೋಕೆ ಬಿಡಲ್ಲ ಸಾರ್. ನಾನು ಮಲಗಿದ್ರೆ ಬಂದು ಮೂಗಿನ ಹತ್ರ ಕೈ ಇಟ್ಟು ನೋಡ್ತಾಳೆ! ಮಕ್ಕಳಿಗೆ ಇಂಥದ್ದೆಲ್ಲ ಬೇಕಾ? ಮೊದಲು ನಿಲ್ಲಿಸಿ."

ಕೆಲವು ತಾಯಂದಿರು ತಲೆಯಾಡಿಸಿದರು. ಸಂಪಾದಕರು ನಿಟ್ಟುಸಿರಿಟ್ಟರು. "ಅದಕ್ಕೇ ಅಮ್ಮ, ಎಲ್ಲಾ ಕನಸು ಅಂತ ಮುಗಿಸೋಕೆ ಹೇಳಿದೀನಿ. ಆವಲಪ್ಪನೋರು ಬಂದಿದಾರಾ?"

ಬಾಗಿಲ ಬಳಿ ಪಂಚೆ ಸರಿಮಾಡಿಕೊಳ್ಳುತ್ತ ಅಪ್ಪ ಕೈಯೆತ್ತಿದರು. ಅದಕ್ಕೂ ಮೊದಲೇ ರಾಧಾಮಣಿ ಎದ್ದು ನಿಂತಾಗಿತ್ತು. ಗೋಡೆಗೆ ಒರಗಿದ್ದ ತಿರುಮಲೇಶ ಎರಡೂ ಕೈ ಕಟ್ಟಿಕೊಂಡು, ಇನ್ನೇನು ಕಂತು ಬಿಚ್ಚಿ ಓದಬೇಕು ಎನ್ನುವವನ ಆಸೆಯಿಂದ ಅವಳನ್ನೇ ನೋಡುತ್ತಿದ್ದ.

"ಅವರು ನಮ್ಮಪ್ಪ. ಕಥೆ ಬರೆದಿರೋದು ನಾನು," ಎಂದಳು. ಕೋಣೆ ಗುಸುಗುಟ್ಟಿತು. "ಕನಸು ಅಂತ ನಾನು ಬರೆಯಲ್ಲ ಸಾರ್. ನಿಲ್ಸೋದಾದ್ರೆ ಅರ್ಧಕ್ಕೇ ನಿಲ್ಸಿ. ನಾನು ಚಿಕ್ಕೋಳಿದ್ದಾಗ ಅಜ್ಜಿ ಕಥೆಗೆ ಉಚ್ಚೆ ಹೊಯ್ಕೊಂಡಿದೀನಿ. ಆದ್ರೆ ಬೆಳಗ್ಗೆ ಎದ್ದಾಗ, ರಾಕ್ಷಸನ ಎದುರಿಗೆ ನಾನೂ ನಿಂತಿದ್ದೆ ಅನ್ನೋ ಜಂಬ ಇರ್ತಿತ್ತು. ಈ ಮಕ್ಕಳು ಇಷ್ಟು ವಾರ ಹೆದರ್ಕೊಂಡೇ ಓದಿದಾರೆ. ಈಗ ಎಲ್ಲಾ ಸುಳ್ಳು ಅಂದ್ರೆ, ಅವರ ಧೈರ್ಯಾನೂ ಸುಳ್ಳಾಗ್ಬಿಡಲ್ವಾ?"

ಮುಂದಿನ ಸಾಲಿನಿಂದ ಒಂದು ಜಡೆ ಪುಟಿದೆದ್ದಿತು. ಹುಳು ಸಾಕುವ ಮನೆಯ ಹುಡುಗಿ, ಎಂಟನೇ ಕ್ಲಾಸಿನ ಪವಿತ್ರ.

"ಅಕ್ಕಾ, ಒಂದ್ ಹೇಳ್ಲಾ? ಆ ಮಲ್ಲಿಗೆ ಹೂ... ನಮ್ಮಮ್ಮ ಆಗಿದ್ರೆ ಕಿತ್ತು ಬಿಸಾಕಿ ಬೆನ್ನಿಗೆ ಗುದ್ದಿರೋಳು. ಕಥೇಲಿರೋ ಅಮ್ಮ ಬೈಯ್ಲೇ ಇಲ್ಲ. ಅದು ಅಮ್ಮ ಅಲ್ಲ ಅಲ್ವಾ ಅಕ್ಕಾ? ಗೂಡಿಂದ ಬಂದಿರೋದು ಅಲ್ವಾ?"

ಹಳ್ಳಿಯ ಮಕ್ಕಳು "ಹೌದು ಕಣೇ!" ಎಂದು ಕಿರುಚಿದರು. ಪೇಟೆಯ ಮಕ್ಕಳಿಗೆ ಅವರು ವಿವರಿಸುತ್ತಿದ್ದಂತೆ ಕಿರುಚಾಟ ಬೆಂಚಿನಿಂದ ಬೆಂಚಿಗೆ ಹಬ್ಬಿತು. ಒಬ್ಬ ಹುಡುಗ ಬೆಂಚು ಹತ್ತಿಬಿಟ್ಟ. ಸೈನ್ಸ್ ಕಮ್ಮಿ ಎಂದಿದ್ದವನು ಪತ್ರಿಕೆ ಕಸಿದುಕೊಂಡು ಆ ಸಾಲನ್ನು ಮತ್ತೆ ಹುಡುಕುತ್ತಿದ್ದ.

ಆ ಗದ್ದಲದ ನಡುವೆ, ಎಲ್ಲರಿಗಿಂತ ಎತ್ತರದ ದನಿಯಲ್ಲಿ ಯಾರೋ ಕೇಳಿದರು:

"ಅಯ್ಯೋ, ಹಂಗಾದ್ರೆ ನಿಜವಾದ ಅಮ್ಮ ಎಲ್ಲಿದಾಳೆ?"

ಕೇಳಿದವರು ಶ್ಯಾಮಲಮ್ಮ. ಎಲ್ಲರೂ ತಿರುಗಿ ನೋಡಿದರು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನರಸಿಂಹಪ್ಪನವರು ಕನ್ನಡಕ ತೆಗೆದು, ಹೊಟ್ಟೆ ಕುಲುಕುವಂತೆ ನಕ್ಕರು.

"ನಿಲ್ಲಿಸಿ ಅಂದೋರೇ ಮುಂದೇನು ಅಂತ ಕೇಳ್ತಿದಾರಲ್ಲಪ್ಪ! ಇನ್ನು ನಾನು ನಿಲ್ಸಿದ್ರೆ ಇವರೇ ನನ್ನ ಸುತ್ತ ಗೂಡು ಕಟ್ತಾರೆ. ಬರೀಮ್ಮ, ನಿನ್ನಿಷ್ಟ ಬಂದ ಹಾಗೆ ಬರಿ. ಹೆಸರು ಮಾತ್ರ ಯಾವುದು ಹಾಕ್ಲಿ?"

"ರಾಧಾಮಣಿ ಅಂತ ಹಾಕಿ."

ಬಾಗಿಲ ಬಳಿ ಅಪ್ಪ ಪಕ್ಕದವರ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. "ನನ್ನ ಮಗಳು ಸ್ವಾಮೀ! ನಾನು ಬರೀ ಹೆಸರು ಕೊಟ್ಟೋನು, ಬರೆದೋಳು ನನ್ನ ಮಗಳು!"

ಮಕ್ಕಳೆಲ್ಲ ಚದುರಿದ ಮೇಲೆ ಹೊರಗಿನ ಹೊಂಗೆಮರದ ಕೆಳಗೆ ತಿರುಮಲೇಶ ಕಾದಿದ್ದ. ಎರಡು ಗ್ಲಾಸು ಟೀ ಅವನ ಕೈಯಲ್ಲಿ ಆರುತ್ತಿತ್ತು.

"ನನಗೊಬ್ಬನಿಗೆ ಕೊನೆ ಹೇಳ್ಬಿಡಿ," ಎಂದ. "ಆ ಅಮ್ಮ ವಾಪಸ್ ಬರ್ತಾಳಾ?"

"ಯಾರಿಗೂ ಮೊದಲೇ ಹೇಳಲ್ಲ. ಎಲ್ಲರ ಹಾಗೆ ವಾರವಾರ ಕಾಯಿರಿ."

"ಕಾಯ್ತೀನಿ. ಆದ್ರೆ ಇನ್ನೊಂದಿದೆ, ಅದಕ್ಕೆ ಕಾಯೋ ತಾಳ್ಮೆ ಇಲ್ಲ." ಅವನು ಗ್ಲಾಸಿನ ಕಡೆ ನೋಡುತ್ತ ಹೇಳಿದ, "ಜಂಗಮಕೋಟೆಯಲ್ಲಿ ಒಬ್ಬಳು ಕಥೆಗಾರ್ತಿ ಇದಾಳೆ, ಮದುವೆ ಅಂತಾದ್ರೆ ಅವಳನ್ನೇ ಅಂತ ಮನೇಲಿ ಹೇಳ್ಬಿಟ್ಟೆ. ಹುಡುಗಿ ಒಪ್ಪಿದಾಳೇನೋ ಅಂದ್ರು ಅಮ್ಮ. ಗೊತ್ತಿಲ್ಲಮ್ಮ ಅಂದೆ. ನಿನ್ನೆಯಿಂದ ಅಡುಗೆಮನೇಲಿ ಅವರದ್ದೂ ಒಂದೇ ಪ್ರಶ್ನೆ, ಮುಂದೇನಾಯ್ತೋ, ಮುಂದೇನಾಯ್ತೋ!"

ರಾಧಾಮಣಿ ಅವನ ಕೈಯಿಂದ ಒಂದು ಗ್ಲಾಸು ತೆಗೆದುಕೊಂಡಳು. ಬೆರಳು ತಗುಲಿತು, ಇಬ್ಬರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಅತ್ತೆಯನ್ನ ಅಷ್ಟು ಸತಾಯಿಸಬಾರದು," ಎಂದಳು ತಲೆಯೆತ್ತಿ, ಅವನ ಕಣ್ಣನ್ನೇ ನೋಡುತ್ತ. "ಇದೊಂದರ ಕೊನೆ ಮಾತ್ರ ಇವತ್ತೇ ಹೇಳ್ಬಿಡಿ ಅವರಿಗೆ."