ಒಂದೇ ಆಕಾಶ, ಮೂರು ಬಣ್ಣ

ಮೇಷ್ಟ್ರು ನೆಲಕ್ಕೆ ಮುಖ ಕೊಟ್ಟು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಹಳೆಯ ಕಾಲದ ವಿಡಿಯೊ ಕ್ಯಾಸೆಟ್ ಪ್ಲೇಯರ್, ಚಪ್ಪಡಿಯಷ್ಟು ಭಾರದ್ದು, ಮಗುಚಿಕೊಂಡು ಬಿದ್ದಿತ್ತು. ಟಿ.ವಿ. ಮಾತ್ರ ಇನ್ನೂ ಉರಿಯುತ್ತಿತ್ತು. ಪರದೆ ತುಂಬ ನೀಲಿ. ‘ಡಿಸ್ಕ್ ಇಲ್ಲ’ ಎಂಬ ಸಾಲು ಅದರ ಮೇಲೆ ಮಿಣುಕುತ್ತಿತ್ತು.

ಇನ್ಸ್‌ಪೆಕ್ಟರ್ ಒಳಗೆ ಬಂದವಳೇ ಕಿಟಕಿಗೆ ಕಟ್ಟಿದ್ದ ಕಪ್ಪು ಬಟ್ಟೆ ಸರಿಸಿದಳು. ಮಧ್ಯಾಹ್ನದ ಬಿಸಿಲು ನುಗ್ಗಿತು. ಆಕೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕತ್ತಲ ಕೋಣೆ ಕಂಡರಂತೂ ಇನ್ನೂ ಹೆಚ್ಚು.

“ಮೊದಲು ನೋಡಿದ್ದು ಯಾರು?”

“ನಾನು.” ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು. “ದೊಡ್ಡಪ್ಪಂಗೆ ಚಹಾ ಕೊಡೋಕೆ ಮೇಲೆ ಬಂದೆ.”

“ನಿಮ್ಮಪ್ಪ ಎಲ್ಲಿ?”

ಹುಡುಗಿ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಮೇಷ್ಟ್ರ ತಮ್ಮ ಕುಳಿತಿದ್ದ. ಕೆಳಗಿನ ಹೊಲಿಗೆ ಅಂಗಡಿ ಅವನದ್ದು. ಕೊರಳಲ್ಲಿ ಅಳತೆ ಟೇಪು ಇನ್ನೂ ಜೋತಾಡುತ್ತಿತ್ತು.

“ಬೆಳಿಗ್ಗೆ ಜಗಳ ಆಡಿದ್ರಂತೆ?”

“ಆಡಿದ್ದೆ. ಎರಡು ಮಿಷನ್ ಇಡೋಕೆ ಈ ಕೋಣೆ ಬಿಟ್ಟುಕೊಡು ಅಂದೆ. ಕೊಡಲ್ಲ ಅಂದ.”

“ತಲೆ ಒಡೀತೀನಿ ಅಂದ್ರಂತೆ. ಬೀದಿಗೆಲ್ಲ ಕೇಳಿಸಿದೆ.”

“ವಾರಕ್ಕೊಂದು ಸಲ ಅಂತಿದ್ದೆ ಮೇಡಂ. ಅವನೂ ನಿನ್ನ ಕತ್ತರೀಲೇ ನಿನ್ನ ನಾಲಿಗೆ ಕತ್ತರಿಸ್ತೀನಿ ಅಂತಿದ್ದ. ಅಣ್ಣತಮ್ಮಂದಿರ ಮಾತು ಅದು.”

“ಈ ಪ್ಲೇಯರ್ ಮುಟ್ಟಿದ್ರಾ?”

“ಹೊತ್ಕೊಂಡು ಹೋಗಿ ಮೆಟ್ಟಿಲ ಮೇಲೆ ಇಟ್ಟಿದ್ದೆ, ಗುಜರಿಗೆ ಹಾಕೋಣ ಅಂತ. ಅವನು ಮತ್ತೆ ಒಳಗೆ ಹೊತ್ಕೊಂಡು ಹೋದ.”

ಅಷ್ಟರಲ್ಲಿ ದಫೇದಾರ ಬಗ್ಗಿ, ಪ್ಲೇಯರಿನ ಮೂಲೆಯ ತುಕ್ಕು ಹಿಡಿದ ಸ್ಕ್ರೂನಿಂದ ಏನನ್ನೋ ಚಿಮಟದಲ್ಲಿ ಎತ್ತಿದ. ಬೆರಳುದ್ದದ, ಮುದುಡಿದ ಬಿಳಿ ದಾರ.

“ದಾರ ಮೇಡಂ! ತಮ್ಮ ದರ್ಜಿ! ಇನ್ನೇನು ಬೇಕು? ಬೆಣ್ಣೆ ತಾನಾಗೇ ಬಾಯಿಗೆ ಬಿತ್ತು.”

ಇನ್ಸ್‌ಪೆಕ್ಟರ್ ಕುರ್ಚಿಗಳನ್ನು ನೋಡುತ್ತಿದ್ದಳು. ಟಿ.ವಿ.ಗೆ ಎದುರಾಗಿ ಎರಡು ಕುರ್ಚಿ, ಒಂದಕ್ಕೊಂದು ಒತ್ತಿಕೊಂಡಂತೆ.

“ನಿಮ್ಮಪ್ಪ ಇಲ್ಲಿ ಕೂತು ಸಿನಿಮಾ ನೋಡ್ತಿದ್ರಾ?” ಎಂದು ಹುಡುಗಿಯನ್ನು ಕೇಳಿದಳು.

“ಅಯ್ಯೋ, ಹೊಸ್ತಿಲು ದಾಟಿದ್ರೆ ಜಗಳ. ಕೂರೋದೆಲ್ಲಿ?”

“ಮತ್ತೆ ಎರಡನೇ ಕುರ್ಚಿ ಯಾರಿಗೆ?”

“ಯಾರಾದರೂ ಜೊತೆಗೆ ನೋಡೋರು ಬಂದ್ರೆ ಮಾತ್ರ ದೊಡ್ಡಪ್ಪ ಅದನ್ನ ಎಳೀತಿದ್ರು. ಹೊರಗಿನ ಮೆಟ್ಟಿಲಿಂದ ಬರ್ತಾರೆ. ಕೆಳಗೆ ಮಿಷನ್ ಓಡ್ತಿದ್ರೆ ಯಾರು ಬಂದ್ರು, ಯಾರು ಹೋದ್ರು ನಮಗೆ ತಿಳಿಯಲ್ಲ.”

ಮೇಜಿನ ಮೇಲೆ ಅಂದೇ ಬಂದ ಕೊರಿಯರ್ ಲಕೋಟೆ ಹರಿದು ಬಿದ್ದಿತ್ತು. ಪಕ್ಕದಲ್ಲಿ ಡಿಸ್ಕಿನ ಡಬ್ಬಿ. ತೆರೆದಳು. ಖಾಲಿ.

*

ಮಾರನೆಯ ಬೆಳಿಗ್ಗೆ ಬೆರಳಚ್ಚಿನ ವರದಿ ಬಂತು. ಪ್ಲೇಯರಿನ ಮೇಲೆ ಅಣ್ಣ ತಮ್ಮ ಇಬ್ಬರದ್ದೇ ಗುರುತು. ಮೂರನೆಯವರದ್ದಿಲ್ಲ.

ಸಾಹೇಬರ ಫೋನು ಹಿಂದೆಯೇ ಬಂತು. “ಜಗಳ ಇದೆ, ಬೆರಳಚ್ಚಿದೆ, ದಾರ ಇದೆ. ಸಂಜೆಯೊಳಗೆ ಅವನನ್ನ ಕೋರ್ಟಿಗೆ ಹಾಜರುಪಡಿಸಿ, ಕೈ ತೊಳ್ಕೊಳ್ಳಿ.”

“ಸರ್, ಡಿಸ್ಕ್ ಎಲ್ಲಿ ಹೋಯ್ತು?”

“ಯಾವ ಡಿಸ್ಕ್?”

“ಅದನ್ನೇ ಹುಡುಕ್ತಿದ್ದೀನಿ ಸರ್.”

“ಸಂಜೆ,” ಎಂದು ಸಾಹೇಬರು ಫೋನಿಟ್ಟರು.

ಇನ್ಸ್‌ಪೆಕ್ಟರ್ ಠಾಣೆಯ ವರಾಂಡದಲ್ಲಿ ಶತಪಥ ಹಾಕಿದಳು. ಕುಳಿತರೆ ಕಾಲು ಜೋಮು ಹಿಡಿಯುತ್ತದೆ, ನಿಂತರೆ ತಲೆ. ಬೆಂಚಿನ ಮೇಲೆ ಆ ಹುಡುಗಿ ಕುಳಿತಿದ್ದಳು. ಅವಳ ಅಪ್ಪ ಸರಳಿನ ಆಚೆ.

“ನಮ್ಮಪ್ಪ ಇರುವೆ ತುಳಿಯೋಕೂ ಹೆದರೋರು ಮೇಡಂ. ಬಾಯಿ ಮಾತ್ರ ಜೋರು.”

“ನಂದೂ ಜೋರೇ,” ಎಂದು ಇನ್ಸ್‌ಪೆಕ್ಟರ್ ಜೀಪು ಹತ್ತಿದಳು.

*

ಮೇಷ್ಟ್ರು ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹಳೆಯ ಸಿನಿಮಾದ ಕ್ಯಾಸೆಟ್ಟು, ಡಿಸ್ಕುಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದರಲ್ಲಿ ಚಿತ್ರ ಚೆನ್ನಾಗಿದೆ, ಯಾವುದರಲ್ಲಿ ಕೆಟ್ಟಿದೆ ಎಂದು ಪತ್ರಿಕೆಗೆ ಬರೆಯುತ್ತಿದ್ದರು. ಅವರ ಜೊತೆ ಕೂತು ನೋಡುತ್ತಿದ್ದವರು ಇಬ್ಬರೇ. ಒಬ್ಬ ಹಲ್ಲಿನ ಡಾಕ್ಟರು. ಇನ್ನೊಬ್ಬ, ಸಿನಿಮಾಗಳ ಬಣ್ಣ ತಿದ್ದುವ ಕಸುಬಿನವನು. ಗೆಳೆಯರ ಬಾಯಲ್ಲಿ ಅವನು ‘ಹಸಿರಣ್ಣ’.

ಹಲ್ಲಿನ ಡಾಕ್ಟರು ಇನ್ಸ್‌ಪೆಕ್ಟರಿಗೆ ಮೊದಲೇ ಹೇಳಿಬಿಟ್ಟರು. “ನಿನ್ನೆ ಮಧ್ಯಾಹ್ನ ಪೂರ್ತಿ ನನ್ನ ಕೈ ಒಬ್ಬರ ಬಾಯೊಳಗಿತ್ತು. ಬೇಕಿದ್ರೆ ಅವರನ್ನೇ ಕೇಳಿ. ಈಗ ಮಾತಾಡಬಲ್ಲರು ಅನ್ಸುತ್ತೆ.”

“ಕೇಳಿ ಆಯ್ತು. ಬೈತಿದ್ದಾರೆ. ಹಸಿರಣ್ಣ ಅಂತ ಯಾಕೆ ಹೆಸರು?”

“ಬಾಯಲ್ಲಿ ಹೇಳೋದಲ್ಲ ಅದು. ಬನ್ನಿ, ತೋರಿಸ್ತೀನಿ.”

ಮೇಷ್ಟ್ರ ಕೋಣೆಯಲ್ಲಿ ಡಾಕ್ಟರು ಮೊದಲು ಕಪಾಟಿನಲ್ಲಿದ್ದ ಇನ್ನೊಂದು ಪ್ಲೇಯರಿಗೆ ಕ್ಯಾಸೆಟ್ಟು ಹಾಕಿದರು. ನಮ್ಮ ಅಪ್ಪಂದಿರ ಕಾಲದ ಚಿತ್ರ. ಗಗನನೌಕೆ ಒಂದು ಪರಗ್ರಹದಲ್ಲಿ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ನಾಯಕ ಹೊರಗೆ ಕಾಲಿಡುತ್ತಾನೆ. ಚಿತ್ರದ ಎರಡೂ ಬದಿ ಟಿ.ವಿ.ಗೆ ಹೊಂದಿಸಲು ಕತ್ತರಿಸಿಹೋಗಿತ್ತು. ಆಕಾಶ, ಒಗೆದೂ ಒಗೆದೂ ಬಣ್ಣ ಬಿಟ್ಟ ಅಂಗಿಯಂತೆ.

“ಈಗ ಇದು. ಹತ್ತು ವರ್ಷದ ಹಿಂದಿನ ಡಿಸ್ಕ್.”

ಡಿಸ್ಕ್ ಮುಟ್ಟುವ ಮೊದಲು ಡಾಕ್ಟರು ಬಾಗಿಲ ಪಕ್ಕದ ಪೆಟ್ಟಿಗೆಯಿಂದ ಬಿಳಿ ಹತ್ತಿಯ ಕೈಗವಸು ತೆಗೆದು ಹಾಕಿಕೊಂಡರು. “ಬರಿಗೈಲಿ ಮುಟ್ಟಿದ್ರೆ ಮೇಷ್ಟ್ರು ಮೇಲಿಂದ ಇಳಿದುಬಂದು ಬೈತಾರೆ.”

ಇನ್ಸ್‌ಪೆಕ್ಟರ್ ತಟ್ಟನೆ ಅವರ ಕೈ ಹಿಡಿದಳು. ಕೈಗವಸಿನ ಅಂಚು ಎಳೆದು ನೋಡಿದಳು. ಹೊಲಿದದ್ದಲ್ಲ, ಹೆಣೆದದ್ದು. ಒಂದು ಎಳೆ ಕಿತ್ತಳು. ಅದು ನೇರವಾಗಿ ನಿಲ್ಲಲಿಲ್ಲ, ಸುರುಳಿ ಸುರುಳಿಯಾಗಿ ಮುದುಡಿತು. ಚಿಕ್ಕಂದಿನಲ್ಲಿ ಅವಳ ಅಮ್ಮ ಹಳೆ ಸ್ವೆಟರ್ ಬಿಚ್ಚುವಾಗ ನೂಲು ಹೀಗೇ ಮುದುಡುತ್ತಿತ್ತು. ಸ್ಕ್ರೂಗೆ ಸಿಕ್ಕಿದ ದಾರವೂ ಹೀಗೇ ಮುದುಡಿತ್ತು.

“ಏನಾಯ್ತು?” ಡಾಕ್ಟರು ಗಾಬರಿಯಾದರು.

“ಏನಿಲ್ಲ. ಹಾಕಿ.”

ಪರದೆ ಮೇಲೆ ಅದೇ ನೌಕೆ, ಅದೇ ಬಾಗಿಲು. ಆಕಾಶ ಮಾತ್ರ ಗಿಣಿಹಸಿರು.

“ಅಬ್ಬಾ! ಇದೇನು, ಪಾಚಿ ಕಟ್ಟಿದ ಬಾವಿ?”

“ಇದು ನಮ್ಮ ಹಸಿರಣ್ಣನ ಕೈಚಳಕ. ಅಸಲು ಬಣ್ಣ ಇದೇ ಅಂತ ಸಾಧಿಸಿಬಿಟ್ಟ. ಮೇಷ್ಟ್ರೂ ಅಂದು ಹೊಗಳಿ ಬರೆದರು. ಆಮೇಲೆ ಅವನಿಗೆ ಶಾಲು ಹಾಕಿದ್ದೇ ಹಾಕಿದ್ದು. ಈಗ ಮೂಲ ನೆಗೆಟಿವ್‌ನಿಂದಲೇ ಹೊಸ ಡಿಸ್ಕ್ ಬರ್ತಿದೆ. ಮಾರಾಟಕ್ಕೆ ಮುಂದಿನ ತಿಂಗಳು. ಮೇಷ್ಟ್ರಿಗೆ ಮಾತ್ರ ಮೊದಲೇ ಒಂದು ಕಳಿಸ್ತೀವಿ ಅಂದಿದ್ದರಂತೆ.”

“ನೀವು ನೋಡಿದ್ರಾ?”

“ಎಲ್ಲಿಂದ? ಸಾಯಂಕಾಲ ಬರೋಣ ಅಂತಿದ್ದೆ. ಹೆಣ ನೋಡೋಕೆ ಬಂದೆ.”

ಇನ್ಸ್‌ಪೆಕ್ಟರ್ ಅಲ್ಲಿಂದಲೇ ಡಿಸ್ಕಿನ ಕಂಪನಿಗೆ ಫೋನು ಮಾಡಿದಳು. ಆ ಕಡೆಯವನ ದನಿಯಲ್ಲಿ ದುಃಖದ ಜೊತೆ ಸ್ವಲ್ಪ ನಾಚಿಕೆಯೂ ಇತ್ತು.

“ಅದು ಪರೀಕ್ಷೆಗೆ ಮಾಡಿದ ಪ್ರತಿ ಮೇಡಂ. ಒಂದೇ ಒಂದು. ಕಳಿಸಿದ ಮೇಲೆ ನೋಡ್ತೀವಿ, ನೌಕೆ ಇಳಿಯೋ ಕಡೆ ಮೂಲೇಲಿ ಕೆಲಸದವನ ಕೈ ಕಾಣ್ತಿದೆ! ದಾರ ಹಿಡ್ಕೊಂಡು ಬೊಂಬೆ ನೌಕೆ ಇಳಿಸ್ತಿದ್ದಾನೆ. ಹಳೇ ಪ್ರತಿಗಳಲ್ಲಿ ಆ ಅಂಚೇ ಇರಲಿಲ್ಲ. ಮಾರಾಟದ ಪ್ರತೀಲಿ ಕತ್ತರಿಸಿಬಿಟ್ವಿ. ಈ ಮಾತು ನಮ್ಮ ಕೋಣೆ ದಾಟಿಲ್ಲ. ಮೇಷ್ಟ್ರಿಗೂ ನಾವು ಹೇಳಿರಲಿಲ್ಲ.”

“ಇನ್ನು ಮುಂದೆಯೂ ಯಾರಿಗೂ ಹೇಳ್ಬೇಡಿ,” ಎಂದಳು ಇನ್ಸ್‌ಪೆಕ್ಟರ್.

*

ಹಸಿರಣ್ಣನ ಕೆಲಸದ ಕೋಣೆಯೂ ಕತ್ತಲೆಯೇ. ಗೋಡೆ ತುಂಬ ಸನ್ಮಾನದ ಫಲಕ, ಸಾಲು ಸಾಲು ಪರದೆ, ಒಂದರ ಕೆಳಗೆ ದೀಪ ಉರಿಯುತ್ತಿದ್ದ ಡಿಸ್ಕ್ ಪ್ಲೇಯರ್. ಅವನು ತೆಳ್ಳನೆಯ, ಇಸ್ತ್ರಿ ಮಾಡಿದಂಥ ಮನುಷ್ಯ.

“ಮೇಷ್ಟ್ರು ನನಗೆ ಅಣ್ಣ ಇದ್ದಹಾಗೆ. ಪಾಪ, ಸ್ವಂತ ತಮ್ಮನೇ ಹೀಗೆ ಮಾಡೋದಾ!”

“ಕೊನೇ ಸಲ ಮಾತಾಡಿದ್ದು ಯಾವಾಗ?”

“ವಾರದ ಮೇಲಾಯ್ತು. ಫೋನೂ ಇಲ್ಲ.”

“ಹೊಸ ಡಿಸ್ಕ್ ನೋಡಿದ್ರಾ?”

“ಇನ್ನೂ ಬಂದೇ ಇಲ್ವಲ್ಲ. ಬಂದಾಗ ನೋಡೋಣ. ಅವಸರ ಏನು?”

ಇನ್ಸ್‌ಪೆಕ್ಟರ್ ಫಲಕಗಳನ್ನು ಒಂದೊಂದಾಗಿ ಓದಿದಳು. ಬೇಕೆಂದೇ ನಿಧಾನ ಮಾಡಿದಳು. ದಫೇದಾರ ಆಕಳಿಸಿದ. ಸಂಜೆ ಹತ್ತಿರವಾಗುತ್ತಿತ್ತು, ಅವಳ ಜೇಬಿನಲ್ಲಿ ಸಾಹೇಬರ ಕರೆ ಗುರ್ ಎನ್ನುತ್ತಿತ್ತು.

“ನಂಗೆ ಇದೆಲ್ಲ ತಿಳಿಯಲ್ಲ. ಆದ್ರೂ ಇವತ್ತು ಎರಡನ್ನೂ ನೋಡಿದೆ. ಕ್ಯಾಸೆಟ್ಟೇ ವಾಸಿ ಅನ್ನಿಸ್ತು. ನಿಮ್ಮ ಆಕಾಶ ಪಾಚಿ ಥರ ಇದೆ.”

ಅವನ ದವಡೆ ಬಿಗಿಯಿತು. “ಎಲ್ಲರ ಕಣ್ಣಿಗೂ ಅದು ದಕ್ಕಲ್ಲ.”

“ಕಂಪನಿಯವರು ಹೇಳಿದ್ರು, ಆಕಾಶ ಇಟ್ಟಿಗೆ ಬಣ್ಣ ಅಂತೆ. ಇಷ್ಟು ವರ್ಷ ಜನ ನೋಡಿದ್ದು ಮಸಿ ಬಳಿದ ಚಿತ್ರ ಅಂತ ನಕ್ಕರು. ಅವರ ಕೆಲಸವೇ ಶುದ್ಧ, ನಿಮ್ಮದು ಬರೀ ಹುಡುಗಾಟ ಅಂತ—”

“ಶುದ್ಧವಂತೆ ಶುದ್ಧ!” ಅವನು ಎದ್ದು ನಿಂತ. “ಮೂಲೇಲಿ ಕೆಲಸದವನ ಕೈ ದಾರ ಹಿಡ್ಕೊಂಡು ನಿಂತಿರೋದು ಕಾಣಿಸದ ಕುರುಡರು! ಅವರು ನನಗೆ ಬಣ್ಣ ಕಲಿಸ್ತಾರಾ?”

ದಫೇದಾರನ ಆಕಳಿಕೆ ಅರ್ಧಕ್ಕೇ ನಿಂತಿತು.

“ಯಾವ ಕೈ?” ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

ಅವನು ಬಾಯಿ ಮುಚ್ಚಿದ. ತೆರೆದ. “ಡಾಕ್ಟರು... ಡಾಕ್ಟರು ಹೇಳಿದ್ದು.”

“ಡಾಕ್ಟರು ನೋಡೇ ಇಲ್ಲ. ಹೊರಬರೋ ಡಿಸ್ಕಿನಲ್ಲಿ ಆ ಕೈಯೂ ಇಲ್ಲ. ಅದಿದ್ದದ್ದು ಒಂದೇ ಪ್ರತೀಲಿ. ಆ ಪ್ರತಿ ಮೇಷ್ಟ್ರ ಮನೆಗೆ ಬಂದ ದಿನವೇ ಮೇಷ್ಟ್ರು ಸತ್ತರು. ದಫೇದಾರ್, ಆ ಡಿಸ್ಕ್ ಪ್ಲೇಯರ್ ತೆರೀರಿ.”

ಟ್ರೇ ಹೊರಗೆ ಬಂತು. ಮೇಲೆ ಕಂಪನಿಯ ಪರೀಕ್ಷಾ ಮುದ್ರೆಯಿದ್ದ ಡಿಸ್ಕ್, ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು.

ದಫೇದಾರ ತಲೆ ಕೆರೆದುಕೊಂಡ. “ಮುರಿದು ಮೋರಿಗೆ ಎಸೆದಿದ್ರೆ ಮುಗೀತಿತ್ತಲ್ಲ ಸ್ವಾಮಿ?”

“ಮುರಿಯೋದಾ?” ಹಸಿರಣ್ಣ ಅವನನ್ನು ನೋಡಿದ ನೋಟದಲ್ಲಿ ನಿಜವಾದ ಹೇಸಿಗೆ ಇತ್ತು. “ಅಂಥ ಚಿತ್ರವನ್ನ?”

ಆಮೇಲೆ ಕುರ್ಚಿಯಲ್ಲಿ ಕುಸಿದ.

“ರಾತ್ರಿಯೆಲ್ಲ ನೋಡಿದೆ. ಎಲ್ಲಾದರೂ ಒಂದು ಕಡೆ ಹಸಿರು ಇರಬಹುದು ಅಂತ. ಇಲ್ಲ. ನನಗೆ ಸಿಕ್ಕಿದ್ದು ಮಾಸಿದ ಪ್ರತಿ. ಹಸಿರು ನಾನೇ ಹಾಕಿದ್ದು. ಮೇಷ್ಟ್ರು ಒಂದೇ ನೋಟಕ್ಕೆ ಹಿಡಿದರು. ನಾಳೆ ಬರೀತೀನಿ, ನಿನ್ನನ್ನ ಹೊಗಳಿದ್ದು ನನ್ನ ತಪ್ಪು ಅಂತಲೂ ಬರೀತೀನಿ ಅಂದರು. ಕಾಲು ಹಿಡಿದೆ. ಕೇಳಲಿಲ್ಲ. ನನ್ನ ಕಡೆ ಬೆನ್ನು ಮಾಡಿ ಮತ್ತೆ ಆ ಆಕಾಶವನ್ನೇ ನೋಡ್ತಾ ನಿಂತರು.”

*

ಸಾಹೇಬರಿಗೆ ಇನ್ಸ್‌ಪೆಕ್ಟರ್ ನಿಂತಲ್ಲೇ ವರದಿ ಒಪ್ಪಿಸಿದಳು. ಫೋನು ಕಿವಿಗೆ ಒತ್ತಿಕೊಂಡು ವರಾಂಡ ಅಳೆಯುತ್ತಲೇ.

“ಎರಡು ಕುರ್ಚಿ ಪಕ್ಕಪಕ್ಕ ಇದ್ದವು ಸರ್. ಅಂದ್ರೆ ಬಂದವನು ಕೂತು ಚಿತ್ರ ನೋಡಿದ್ದಾನೆ. ತಮ್ಮ ಆ ಕೋಣೇಲಿ ಕೂತವನೇ ಅಲ್ಲ. ಬಂದವನು ಡಿಸ್ಕ್ ಬದಲಾಯಿಸೋಕೆ ಕೈಗವಸು ಹಾಕಿದ್ದ, ಅದೇ ಕೈಲಿ ಪ್ಲೇಯರ್ ಎತ್ತಿ ಹೊಡೆದ. ಅದಕ್ಕೇ ಬೆರಳಚ್ಚಿಲ್ಲ. ಸ್ಕ್ರೂಗೆ ಸಿಕ್ಕಿದ್ದು ಕೈಗವಸಿನ ಎಳೆ. ಹೊಲಿಗೆ ದಾರ ಹಾಗೆ ಮುದುಡಲ್ಲ. ಅಲ್ಲಿಗೆ ಉಳಿದದ್ದು ಇಬ್ಬರು ಗೆಳೆಯರು. ಒಬ್ಬರ ಕೈ ರೋಗಿಯ ಬಾಯಲ್ಲಿತ್ತು. ಇನ್ನೊಬ್ಬನಿಗೆ ಸಿಟ್ಟು ಬರಿಸಿದ್ರೆ ಸಾಕಿತ್ತು. ಈ ಜನ ಕೊಲೆ ಮುಚ್ಚಿಟ್ಟಾರು ಸರ್, ಚಿತ್ರದಲ್ಲಿ ಕಂಡ ತಪ್ಪು ಮುಚ್ಚಿಡಲಾರರು.”

“ಹಾಗಾದ್ರೆ ದರ್ಜಿ?”

“ಬಿಡ್ತಿದ್ದೀನಿ. ಸಂಜೆಯೊಳಗೆ ಅಂದಿದ್ರಲ್ಲ.”

ಬಾಗಿಲು ತೆರೆದಾಗ ತಮ್ಮ ಹೊರಗೆ ಬಂದ. ಮಗಳು ಅವನ ತೋಳು ಹಿಡಿದಳು. ಮೂವರೂ ಗೇಟಿನ ತನಕ ನಡೆದರು. ಅಲ್ಲಿ ಅವನು ನಿಂತ.

“ಮೇಡಂ, ಕೊನೆಗೆ ಆ ಆಕಾಶ ಯಾವ ಬಣ್ಣ?”

“ಇಟ್ಟಿಗೆ ಬಣ್ಣ.”

“ನಿನ್ನೆ ಬೆಳಿಗ್ಗೆ ಅಣ್ಣ ನನ್ನನ್ನೂ ಕರೆದಿದ್ದ. ಇವತ್ತು ಡಿಸ್ಕ್ ಬರುತ್ತೆ, ದಿನಾ ಬಟ್ಟೆಗೆ ದಾರ ಹೊಂದಿಸೋನು ನೀನು, ಕೂತು ನೋಡಿ ಹೇಳು ಯಾವುದು ಸರಿ ಅಂತ. ನಾನು ಮೊದಲು ರೇಗಿದ್ದೇ ಅದಕ್ಕೆ, ಕೋಣೆ ಮಾತು ಆಮೇಲೆ. ನನಗೆ ಬೇರೆ ಕೆಲಸ ಇಲ್ವಾ ಅಂತ.”

ಇನ್ಸ್‌ಪೆಕ್ಟರಿಗೆ ಯಾಕೋ ಸಿಟ್ಟು ಬಂತು. “ಕೇಸು ಮುಗಿದ ಮೇಲೆ ಡಿಸ್ಕ್ ನಿಮ್ಮ ಮನೆಗೇ ಬರುತ್ತೆ. ಆವಾಗ ನೋಡಿ.”

“ಒಬ್ಬನೇ ಕೂತು ಏನಂತ ನೋಡಲಿ ಮೇಡಂ?”

ಆಕೆ ಮುಂದೆ ಹೋಗಿ ಗೇಟು ತೆರೆದಳು.

“ನಾನಿರ್ತೀನಲ್ಲ,” ಎಂದಳು ಹುಡುಗಿ. “ನಡೀರಿ ಅಪ್ಪ.”