ರೇಣವ್ವನ ಮೊಣಕಾಲು ಮತ್ತು ಬೇಡಿಕೆಶೋಧಕ ಯಂತ್ರ

ಬೇಡಿಕೆಶೋಧಕ ಯಂತ್ರ ರೇಣವ್ವನ ಹೊಸ್ತಿಲ ಮುಂದೆ ನಿಂತು ಹಸಿರು ದೀಪ ಬೆಳಗಿಸಿತು. ಹಿಟ್ಟಿನ ಡಬ್ಬಿಗೆ ಮೂರು ಗಾಲಿ ಕಟ್ಟಿದಂತಿತ್ತು ಅದರ ಆಕಾರ.

"ರೇಣವ್ವನವರೇ, ಚಿಕಿತ್ಸಾಲಯಕ್ಕೆ ಹೋಗಿಬರಲು ನಿಮಗೆ ಪುರಸಭೆಯ ವಾಹನ ಬೇಕೇ?"

"ಬ್ಯಾಡ ಬಿಡಪ್ಪಾ, ಯಾಕ ಸುಮ್ನ ತ್ರಾಸ ನಿಮಗ," ಎಂದಳು ರೇಣವ್ವ. ಹಾಗೆಂದು, ಅದು 'ಛೇ, ಹಂಗಂದ್ರ ಹೆಂಗ' ಎನ್ನಲಿ ಎಂದು ಕಾದಳು.

"ಧನ್ಯವಾದಗಳು. ಬೇಡ ಎಂದು ದಾಖಲಿಸಲಾಗಿದೆ." ಯಂತ್ರ ಗರ್ರನೆ ತಿರುಗಿ ಪಕ್ಕದ ಮನೆಗೆ ಉರುಳಿತು.

ಅದು ೨೦೬೨ನೆಯ ಇಸವಿ. ಮರಡಿಪೇಟೆಯ ಅರ್ಧದಷ್ಟು ಜನ ಅರವತ್ತೈದು ದಾಟಿದ್ದರು. ಮುಂದಿನ ಹತ್ತು ವರ್ಷ ಅವರಿಗೆ ಏನೇನು ಸೌಲಭ್ಯ ಬೇಕಾಗುತ್ತದೆ ಎಂಬುದನ್ನು ಊಹಿಸುವ ಬದಲು ಅವರನ್ನೇ ಕೇಳಿ, ಉತ್ತರಗಳನ್ನು ಕೂಡಿಸಿ ಯೋಜನೆ ತಯಾರಿಸುವುದು ಈ ಯಂತ್ರದ ಕೆಲಸ. ಅದು ಸುಳ್ಳು ಹೇಳುತ್ತಿರಲಿಲ್ಲ, ಲಂಚ ಕೇಳುತ್ತಿರಲಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲವಾದ್ದರಿಂದ ಊರಿನವರಿಗೆ ಅದರ ಮೇಲೆ ಸ್ವಲ್ಪ ಮುನಿಸಿತ್ತು, ಅಷ್ಟೆ.

ಹದಿನೈದು ದಿನಕ್ಕೆ ಯೋಜನೆ ಹೊರಬಿತ್ತು. ನಾಲ್ಕು ಸಾವಿರ ಹಿರಿಯರಲ್ಲಿ ಯಾರಿಗೂ ಏನೂ ಬೇಡ. ಇದ್ದ ಒಂದೇ ವಾಹನವನ್ನೂ ಮೂರು ತಿಂಗಳ ನಂತರ ನಿಲ್ಲಿಸಬಹುದು. ದಾಖಲಾದ ಬೇಡಿಕೆ ಒಂದೇ: ಸಂಗಪ್ಪ ಎಂಬವರು ಬೇಸತ್ತು "ಒಂದು ವಿಮಾನ ಕಳಸು ಹೋಗು" ಎಂದಿದ್ದರಿಂದ, ಕೆರೆಯಂಗಳದಲ್ಲಿ ವಿಮಾನ ನಿಲ್ದಾಣ.

ರೇಣವ್ವ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ನಿಂತೇ ದುಡಿದ ಆ ಮೊಣಕಾಲುಗಳು ಈಗ ವಾರಕ್ಕೆ ಮೂರು ಸಲ ಗುಡ್ಡದ ಮೇಲಿನ ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಸಿಕ್ಕರಷ್ಟೇ ಮಡಚುತ್ತಿದ್ದವು. ಅವಳ ಅಕ್ಕ ಚಿಕಿತ್ಸೆ ಬಿಟ್ಟು ಹಾಸಿಗೆ ಹಿಡಿದು, ಆರು ವರ್ಷ ಒಂದೇ ಕಿಟಕಿ ನೋಡುತ್ತ ಮಲಗಿದ್ದಳು. ವಾಹನ ನಿಂತರೆ ತನಗೂ ಒಂದು ಕಿಟಕಿ ಕಾದಿದೆ ಎಂದು ರೇಣವ್ವನಿಗೆ ಗೊತ್ತಿತ್ತು. ಅವಳು ಯಂತ್ರವನ್ನು ಕಟ್ಟಿದ ವಿಜ್ಞಾನಿ ಡಾ. ಇಂಚರಾಳನ್ನು ಮನೆಗೇ ಕರೆಸಿದಳು.

"ಅಜ್ಜೀ, ನೀವೇ ಬೇಡ ಅಂದಿದ್ದೀರಲ್ಲ. ಧ್ವನಿಮುದ್ರಣ ಇದೆ."

"ಅಂದೇನವಾ. ಒಮ್ಮೆ ಅಂದೆ. ಮೂರು ಸಲ ಕೇಳಬೇಕೋ ಬ್ಯಾಡೋ? ಮದಲನೇ ಸಲಕ್ಕ ಹೂಂ ಅನ್ನಾಕ ನಾವೇನು ಗತಿಗೆಟ್ಟವರಾ? ಇರ್ಲಿ, ಚಾ ತಗೋತೀ?"

"ಅಯ್ಯೋ, ಬೇಡ ಅಜ್ಜಿ, ಈಗಷ್ಟೇ ಆಯ್ತು."

ರೇಣವ್ವ ಚಹಾ ಬಸಿದು ಮುಂದಿಟ್ಟಳು. ಇಂಚರಾ ಲೋಟ ಎತ್ತಿ ಕುಡಿದಳು. ಲೋಟ ಅರ್ಧವಾದಾಗ ಅವಳ ಕೈ ನಿಂತಿತು.

"ದಾಖಲಿಸಿಕೋ," ಎಂದಳು ರೇಣವ್ವ.

ಇಂಚರಾ ಯಂತ್ರವನ್ನು ಒಂದು ತಿಂಗಳು ಮದುವೆಮನೆಗಳ ಪಂಕ್ತಿಯಲ್ಲಿ ಓಡಾಡಿಸಿದಳು. ಎಲೆಯ ಮೇಲೆ ಕೈ ಅಡ್ಡ ಹಿಡಿದವರ ಬೆರಳುಗಳ ನಡುವಿನ ಸಂದು, ಎರಡನೆಯ 'ಬೇಡ'ಕ್ಕೂ ಮೂರನೆಯದಕ್ಕೂ ಮಧ್ಯೆ ಇರುವ ಮೌನ, ಎಲ್ಲವನ್ನೂ ಅದು ಅಳೆಯಿತು. ನಿಜವಾದ ಬೇಡಿಕೆ ಇರುವುದು ಆ ಮೌನದಲ್ಲಿ. ಅದು ಉದ್ದವಾದಷ್ಟೂ ಅಗತ್ಯ ದೊಡ್ಡದು. ಈ ಸೂತ್ರಕ್ಕೆ ಇಂಚರಾ 'ಉಪಚಾರ ಗುಣಾಂಕ' ಎಂದು ಹೆಸರಿಟ್ಟಳು. ಎರಡನೆಯ ಸುತ್ತಿನಲ್ಲಿ ಯಂತ್ರ ಮನೆಮನೆಗೆ ಹೋಗಿ "ನನ್ನಾಣೆ, ಇದೊಂದು ಬೆಂಚು ಹಾಕಿಸಿಕೊಳ್ರಿ" ಎಂದು ದುಂಬಾಲು ಬಿತ್ತು. ಹೊಸ ಯೋಜನೆಯಲ್ಲಿ ವಿಮಾನವಿರಲಿಲ್ಲ. ಮೂರು ಹೊಸ ವಾಹನಗಳಿದ್ದವು.

ಮಂಜೂರಾತಿಗಾಗಿ ಜಿಲ್ಲಾ ಕೇಂದ್ರದ ಯಂತ್ರ ಊರಿನ ಯಂತ್ರವನ್ನು ಸಂಪರ್ಕಿಸಿತು. "ಮರಡಿಪೇಟೆಗೆ ಮೂರು ವಾಹನ ಬೇಕೇ?"

"ಅಯ್ಯ, ಬ್ಯಾಡ ಬಿಡ್ರಿ, ಯಾಕ ಸುಮ್ನ ತ್ರಾಸ," ಎಂದಿತು ಉಪಚಾರ ಕಲಿತ ಯಂತ್ರ, ಮತ್ತು ಕಾದಿತು.

ಜಿಲ್ಲಾ ಯಂತ್ರಕ್ಕೆ ಯಾರೂ ಪಂಕ್ತಿಯ ಪಾಠ ಹೇಳಿರಲಿಲ್ಲ. ಅದು ಧನ್ಯವಾದ ಹೇಳಿ ಮೂರೂ ವಾಹನಗಳನ್ನು ಬೇರೊಂದು ಊರಿಗೆ ಹೊರಡಿಸಲು ಸಿದ್ಧವಾಯಿತು. ಆಕ್ಷೇಪಣೆಗೆ ಇದ್ದದ್ದು ಒಂದೇ ದಿನ. ಅದನ್ನೂ ಫಲಾನುಭವಿಗಳೇ ಖುದ್ದಾಗಿ ಬಂದು ಹೇಳಬೇಕು.

ಮರುದಿನ ಬೆಳಿಗ್ಗೆ ಹಳೆಯ ವಾಹನ ಹದಿನೆಂಟು ಹಿರಿಯರನ್ನು ಜಿಲ್ಲಾ ಕಚೇರಿಗೆ ತಂದು ಇಳಿಸಿತು. ಗೋಡೆಯೆತ್ತರದ ಯಂತ್ರ ಕೇಳಿತು: "ನಿಮಗೆ ವಾಹನ ಬೇಕೇ?"

ಒಬ್ಬರು ಕನ್ನಡಕ ಒರೆಸಿದರು. ಒಬ್ಬರು ಫ್ಯಾನು ನೋಡಿದರು. "ನೀವ ಹೇಳ್ರಿ." "ಏ, ಹಿರೇರು ನೀವು, ನೀವ ಹೇಳ್ರಿ."

ರೇಣವ್ವ ಮುಂದೆ ಬಂದಳು. ಎಪ್ಪತ್ತೇಳು ವರ್ಷ ನುಂಗುತ್ತಲೇ ಬಂದ ಮಾತನ್ನು ಈ ಸಲ ನುಂಗಲಿಲ್ಲ.

"ಬೇಕು," ಎಂದಳು.

"ಕಾರಣ?"

"ಮೊಣಕಾಲು ನೋಯ್ತಾವ. ಭಾಳ ನೋಯ್ತಾವ."

"ಆಕ್ಷೇಪಣೆ ಅಂಗೀಕೃತ. ಮೂರು ವಾಹನ ಮಂಜೂರು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ರೇಣವ್ವನನ್ನೇ ನೋಡುತ್ತಿದ್ದರು. ಮೂವತ್ತು ವರ್ಷದಿಂದ ಎದುರಾದಾಗಲೆಲ್ಲ "ಅರಾಮ ಅದೀನಿ" ಎನ್ನುತ್ತ ಬಂದವಳು ಅವಳು. ಅವರೂ ಅಷ್ಟೆ.

ಊರಿಗೆ ಹೊರಟ ವಾಹನ ಮೊದಲ ತಿರುವು ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಮೆಲ್ಲಗೆ ಒಂದು ದನಿ ಬಂತು. "ರೇಣವ್ವಾ, ನನಗೂ ನೋಯ್ತಾವ. ಎಡಗಡೆದು."

"ನನಗ ಎರಡೂ!" ಎಂದರು ಇನ್ನೊಬ್ಬರು.

"ನಿಮ್ಮವು ಬರೇ ಮೊಣಕಾಲು. ನನ್ನ ಸೊಂಟದ ಕತಿ ಕೇಳ್ರಿಲ್ಲೆ!"

ಗಂಟೆಯ ದಾರಿ ಸಾಲಲಿಲ್ಲ. ಮರಡಿಪೇಟೆ ಬಂತೆಂದು ಚಾಲಕ ಎರಡು ಸಲ ಕೂಗಿ ಹೇಳಿದ. ಯಾರೂ ಇಳಿಯಲಿಲ್ಲ, ಸಂಗಪ್ಪನವರ ಹರ್ನಿಯಾ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.